ನೀರಿಳಿಸುವ ಗುಳಿಗೆ

“ಕಾಲು ಮತ್ತೆ ಊದಿಕೊಂಡಿದೆ. ಹೋದ ಸಲದ ನೀರಿನ ಗುಳಿಗೆ ನಾಲ್ಕು ಕೊಡಿ.” ಚಾಮರಾಜಪೇಟೆಯ ಔಷಧದಂಗಡಿಗಳ ಮುಂದೆ ಸಂಜೆಯ ಹೊತ್ತು ಇಂಥ ಮಾತು ಕಿವಿಗೆ ಬೀಳುವುದುಂಟು. ಕೇಳುವವರಿಗೆ ಆ ಗುಳಿಗೆಯ ಹೆಸರು ತಿಳಿಯದು, ಪ್ರಮಾಣವೂ ತಿಳಿಯದು. ಅದನ್ನು ನುಂಗಿದರೆ ಹಲವು ಬಾರಿ ಬಚ್ಚಲಿಗೆ ಹೋಗಬೇಕಾಗುತ್ತದೆ, ಮರುದಿನ ಚಪ್ಪಲಿ ಸಲೀಸಾಗಿ ಹಿಡಿಯುತ್ತದೆ ಎಂಬುದಿಷ್ಟೇ ಅವರ ಅನುಭವ. ವೈದ್ಯರ ಚೀಟಿಯ ಮೇಲೆ ಮಾತ್ರ ಕೊಡತಕ್ಕ ಔಷಧವೊಂದು ಹೀಗೆ ಮನೆಮದ್ದಿನ ಸಾಲಿಗೆ ಸೇರಿಬಿಡುವುದು ಸಣ್ಣ ಸಂಗತಿಯೇನಲ್ಲ.

ಮನುಷ್ಯನ ಎರಡು ಮೂತ್ರಪಿಂಡಗಳೂ ಸೇರಿ ದಿನವೊಂದಕ್ಕೆ ಸುಮಾರು 180 ಲೀಟರು ದ್ರವವನ್ನು ರಕ್ತದಿಂದ ಸೋಸುತ್ತವೆ. ಆದರೆ ಹೊರಬೀಳುವ ಮೂತ್ರ ಒಂದೂವರೆ ಲೀಟರಿನ ಆಸುಪಾಸು ಮಾತ್ರ. ಮಿಕ್ಕದ್ದೆಲ್ಲ ಸೂಕ್ಷ್ಮನಾಳಗಳ ಮೂಲಕ ರಕ್ತಕ್ಕೇ ಮರಳುತ್ತದೆ. ಇಲ್ಲಿ ನೀರು ಉಪ್ಪಿನ ಬೆನ್ನು ಹತ್ತಿ ಹೋಗುತ್ತದೆ. ಉಪ್ಪು ಹಿಂದಿರುಗಿದರೆ ನೀರೂ ಹಿಂದಿರುಗುತ್ತದೆ. ಉಪ್ಪನ್ನು ಮರಳಗೊಡದೆ ತಡೆದರೆ ನೀರು ಅದರೊಡನೆ ಹೊರಹೋಗುತ್ತದೆ. ಬಹುಪಾಲು ಮೂತ್ರವರ್ಧಕ ಔಷಧಗಳ ಗುಟ್ಟು ಇಷ್ಟೇ. ನಾಳದ ಯಾವ ಭಾಗದಲ್ಲಿ ಈ ತಡೆ ಬೀಳುತ್ತದೆ ಎಂಬುದರ ಮೇಲೆ ಅವುಗಳ ಜಾತಿಯೂ ಬಲವೂ ನಿಂತಿವೆ.

ಚಾಮರಾಜಪೇಟೆ 1892ರಲ್ಲಿ ಬಡಾವಣೆಯಾಗಿ ರೂಪುಗೊಂಡಾಗಲಾಗಲಿ, ಸಮೀಪದ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಬಾಗಿಲು ತೆರೆದಾಗಲಾಗಲಿ ಈ ಗುಳಿಗೆಗಳು ಲೋಕದಲ್ಲಿ ಎಲ್ಲಿಯೂ ಇರಲಿಲ್ಲ. ಮನೆಗಳಲ್ಲಿ ಬಾರ್ಲಿ ನೀರು, ಬಾಳೆದಿಂಡಿನ ರಸ, ಗ್ರಂಧಿಗೆ ಅಂಗಡಿಯಿಂದ ತಂದ ನೆಗ್ಗಿಲಮುಳ್ಳಿನ ಕಷಾಯ ಬಳಕೆಯಲ್ಲಿದ್ದವು. ಚರಕಸಂಹಿತೆಯಂತೂ ಮೂತ್ರವಿರೇಚನೀಯವೆಂದು ಹತ್ತು ಮೂಲಿಕೆಗಳ ಗುಂಪೊಂದನ್ನೇ ಹೇಳಿದೆ, ನೆಗ್ಗಿಲು ಅವುಗಳಲ್ಲೊಂದು.

ಹೊಸ ಔಷಧಗಳ ಕಥೆ ಆಕಸ್ಮಿಕದಿಂದ ಮೊದಲಾಯಿತು. 1919ರಲ್ಲಿ ವಿಯೆನ್ನಾ ನಗರದ ಆಸ್ಪತ್ರೆಯೊಂದರಲ್ಲಿ ಆಲ್ಫ್ರೆಡ್ ಫೋಗ್ಲ್ ಎಂಬ ವೈದ್ಯವಿದ್ಯಾರ್ಥಿ ಮೇಹರೋಗದ ರೋಗಿಯೊಬ್ಬಳಿಗೆ ಪಾದರಸದ ಇಂಜೆಕ್ಷನ್ ಕೊಟ್ಟನು. ದಾದಿಯರು ಬರೆದಿಟ್ಟ ಮೂತ್ರದ ಲೆಕ್ಕ ಒಮ್ಮೆಲೇ ಏರಿದುದನ್ನು ಕಂಡು ಬೆರಗಾದನು. ಮುಂದೆ ಮೂರು ದಶಕಗಳ ಕಾಲ ಹೃದ್ರೋಗದ ಬಾವಿಗೆ ಪಾದರಸದ ಇಂಜೆಕ್ಷನ್ನೇ ಗತಿಯಾಯಿತು, ಅದು ವಿಷವೆಂದು ತಿಳಿದಿದ್ದರೂ. 1949ರಲ್ಲಿ ಬಾಸ್ಟನ್ನಿನ ವಿಲಿಯಂ ಷ್ವಾರ್ಟ್ಸ್ ಎಂಬ ವೈದ್ಯನು, ಸೋಂಕಿಗೆಂದು ಕೊಡುತ್ತಿದ್ದ ಸಲ್ಫಾನಿಲಮೈಡ್ ಹೃದ್ರೋಗಿಗಳ ಮೈಯ ಉಪ್ಪುನೀರನ್ನು ಇಳಿಸುವುದೆಂದು ತೋರಿಸಿಕೊಟ್ಟನು. ಆ ಜಾಡನ್ನೇ ಹಿಡಿದು ಅಮೆರಿಕದ ಕಾರ್ಲ್ ಬೈಯರ್ ಮತ್ತು ಸಂಗಡಿಗರು ಕ್ಲೋರೋಥಯಜೈಡನ್ನು ರೂಪಿಸಿದರು. 1958ರಲ್ಲಿ ಅದು ಮಾರುಕಟ್ಟೆಗೆ ಬಂದಿತು. ಸೂಜಿಯ ಕಾಲ ಹೋಗಿ ಗುಳಿಗೆಯ ಕಾಲ ಬಂದಿತು.

ಇಂದು ಬಳಕೆಯಲ್ಲಿರುವವುಗಳಲ್ಲಿ ಮುಖ್ಯವಾದವು ಮೂರು ಬಗೆ. ಮೊದಲನೆಯದು ಥಯಜೈಡ್ ವರ್ಗ. ಇದು ಸೌಮ್ಯವಾದುದು, ನಿಧಾನವಾಗಿ ಬಹಳ ಹೊತ್ತು ಕೆಲಸ ಮಾಡುವಂಥದು; ರಕ್ತದೊತ್ತಡಕ್ಕೆ ಹೆಸರಾದುದು. ಎರಡನೆಯದು ಫ್ಯೂರೋಸೆಮೈಡ್, ಟಾರ್ಸೆಮೈಡ್‌ಗಳ ವರ್ಗ. ಇವು ಪ್ರಬಲ. ಬಾಯಿಂದ ಕೊಟ್ಟ ಫ್ಯೂರೋಸೆಮೈಡ್ ಒಂದು ಗಂಟೆಯೊಳಗೆ ಕೆಲಸಕ್ಕೆ ತೊಡಗಿ ಸುಮಾರು ಆರು ಗಂಟೆ ನಡೆಸುತ್ತದೆ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿ ರೋಗಿ ಉಸಿರಿಗಾಗಿ ಒದ್ದಾಡುವಾಗ ರಕ್ತನಾಳಕ್ಕೆ ಕೊಟ್ಟ ಇದೇ ಔಷಧ ಪ್ರಾಣ ಉಳಿಸುತ್ತದೆ. ಮೂರನೆಯದು ಸ್ಪೈರೊನೊಲ್ಯಾಕ್ಟೋನ್, ಅಮಿಲೋರೈಡ್ ಮುಂತಾದ ಪೊಟಾಸಿಯಂ ಉಳಿಸುವ ವರ್ಗ. ಯಕೃತ್ತು ಕೆಟ್ಟು ಬಂದ ಜಲೋದರದಲ್ಲಿ ಸ್ಪೈರೊನೊಲ್ಯಾಕ್ಟೋನಿಗೆ ಅಗ್ರಸ್ಥಾನ. ಇವಲ್ಲದೆ ಕಣ್ಣಿನ ಒಳಒತ್ತಡ ಇಳಿಸುವ ಅಸೆಟಜೋಲಮೈಡ್, ಮಿದುಳಿನ ಊತಕ್ಕೆ ಕೊಡುವ ಮ್ಯಾನಿಟಾಲ್ ಇವೆ. ಆಲೂರು ವೆಂಕಟರಾವ್ ರಸ್ತೆಯ ಮಿಂಟೋ ಆಸ್ಪತ್ರೆಯಂಥ ಕಣ್ಣಾಸ್ಪತ್ರೆಗಳ ವೈದ್ಯರಿಗೆ ಇವೆರಡೂ ಪರಿಚಿತವೇ.

ನೀರಿನ ಜೊತೆಯಲ್ಲಿ ನೀರಷ್ಟೇ ಹೋಗುವುದಾಗಿದ್ದರೆ ಚಿಂತೆಯಿರಲಿಲ್ಲ. ಮೊದಲ ಎರಡು ವರ್ಗಗಳು ಪೊಟಾಸಿಯಮನ್ನೂ ಹೊರಗೆಳೆಯುತ್ತವೆ. ಅದು ತಗ್ಗಿದರೆ ಸ್ನಾಯುಗಳು ಸೋಲುತ್ತವೆ, ಹೃದಯದ ಲಯ ತಪ್ಪುತ್ತದೆ. ಹೃದಯಕ್ಕೆಂದು ಡಿಗಾಕ್ಸಿನ್ ಸೇವಿಸುವವರಲ್ಲಿ ಈ ಅಪಾಯ ಇಮ್ಮಡಿ. ಥಯಜೈಡಿನಿಂದ ವೃದ್ಧರಲ್ಲಿ, ಅದರಲ್ಲೂ ವೃದ್ಧೆಯರಲ್ಲಿ, ರಕ್ತದ ಸೋಡಿಯಂ ಕುಸಿಯಬಹುದು. ಅಜ್ಜಿ ಇದ್ದಕ್ಕಿದ್ದಂತೆ ಮಂಕಾದರೆ, ಮಾತು ತಡವರಿಸಿದರೆ, “ವಯಸ್ಸಾಯಿತು” ಎಂದು ಮನೆಯವರು ಸುಮ್ಮನಾಗುತ್ತಾರೆ. ಕಾರಣ ಆಕೆಯ ಗುಳಿಗೆಯ ಡಬ್ಬಿಯಲ್ಲಿರಬಹುದು. ಯೂರಿಕ್ ಆಮ್ಲ ಏರಿ ಕಾಲಿನ ಹೆಬ್ಬೆರಳು ಬೆಂಕಿಯಂತೆ ನೋಯುವುದೂ ಉಂಟು.

ಮೂರನೆಯ ವರ್ಗದ ಅಪಾಯ ಇದಕ್ಕೆ ತೀರ ವಿರುದ್ಧ. ಅಲ್ಲಿ ಪೊಟಾಸಿಯಂ ಒಳಗೇ ಶೇಖರವಾಗುತ್ತದೆ. ಮೂತ್ರಪಿಂಡ ಸೊರಗಿದವರು ಸ್ಪೈರೊನೊಲ್ಯಾಕ್ಟೋನ್ ನುಂಗುತ್ತ, ಒಳ್ಳೆಯದೆಂದು ದಿನವೂ ಎಳನೀರು ಕುಡಿದರೆ, ಊಟಕ್ಕೆ ‘ಕಡಿಮೆ ಸೋಡಿಯಂ’ ಉಪ್ಪು ಬಳಸಿದರೆ ಹೃದಯ ನಿಂತೇ ಹೋಗುವ ಭಯವುಂಟು. ಎಳನೀರಿನಲ್ಲಿಯೂ ಅಂಥ ಉಪ್ಪಿನಲ್ಲಿಯೂ ಪೊಟಾಸಿಯಂ ಹೇರಳ. ಒಬ್ಬರಿಗೆ ಹಿತವಾದ ಎಳನೀರು ಪಕ್ಕದ ಮನೆಯವರಿಗೆ ವಿಷವಾಗುವುದೆಂದರೆ ಇದೇ.

ಇನ್ನೊಂದು ಕೂಟ ಹೆಚ್ಚು ಸಾಮಾನ್ಯ. ರಕ್ತದೊತ್ತಡಕ್ಕೆ ಎನಲಾಪ್ರಿಲ್, ಟೆಲ್ಮಿಸಾರ್ಟಾನ್ ಬಗೆಯ ಔಷಧ, ಜೊತೆಗೆ ನೀರಿನ ಗುಳಿಗೆ, ಮಂಡಿನೋವಿಗೆ ತಾವೇ ತಂದುಕೊಂಡ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್. ಈ ಮೂರೂ ಒಂದೇ ಹೊಟ್ಟೆ ಸೇರಿದಾಗ ಮೂತ್ರಪಿಂಡ ಹಠಾತ್ತನೆ ಸೋಲಬಹುದು. ವಾಂತಿಭೇದಿಯಾದ ದಿನ, ನೀರೂ ಮುಟ್ಟದೆ ಏಕಾದಶಿ ಆಚರಿಸುವ ದಿನ, ಬೇಸಗೆಯ ದೀರ್ಘ ಪ್ರಯಾಣದ ದಿನ ಈ ಅಪಾಯ ಮತ್ತೂ ಹೆಚ್ಚು. ಅಂಥ ದಿನಗಳಲ್ಲಿ ಗುಳಿಗೆ ನಿಲ್ಲಿಸಬೇಕೆ, ಮುಂದುವರಿಸಬೇಕೆ ಎಂಬುದನ್ನು ವೈದ್ಯರಿಂದ ಮುಂಚಿತವಾಗಿಯೇ ಕೇಳಿಟ್ಟುಕೊಳ್ಳುವುದು ಜಾಣತನ.

ಎಲ್ಲ ಊತಕ್ಕೂ ಈ ಮದ್ದು ಸಲ್ಲದೆಂಬುದು ನೆನಪಿರಬೇಕು. ಆಮ್ಲೋಡಿಪಿನ್ ಎಂಬ ರಕ್ತದೊತ್ತಡದ ಗುಳಿಗೆಯಿಂದಲೇ ಪಾದ ಊದುವುದುಂಟು. ಇಡೀ ದಿನ ಕುಳಿತೇ ಇದ್ದರೂ ಊದುತ್ತದೆ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅಲ್ಲಿ ನೀರಿಳಿಸುತ್ತ ಕುಳಿತರೆ ಕಾಲಹರಣವಾಗಿ ಪ್ರಾಣಕ್ಕೇ ಸಂಚಕಾರ. ಮೈ ತೆಳ್ಳಗಾಗಲೆಂದು ಇವನ್ನು ನುಂಗುವುದಂತೂ ಶುದ್ಧ ಅವಿವೇಕ. ತೂಕ ಇಳಿದದ್ದು ನೀರಿನದು, ಕೊಬ್ಬಿನದಲ್ಲ.

ಹಾಗಾದರೆ ಸರಿಯಾದ ಕ್ರಮವೇನು? ಗುಳಿಗೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ ಸೇವಿಸಬೇಕು. ರಾತ್ರಿ ನುಂಗಿದರೆ ನಿದ್ರೆ ಕೆಡುವುದಲ್ಲದೆ ಕತ್ತಲೆಯಲ್ಲಿ ಎದ್ದು ಬಿದ್ದು ತೊಡೆಮೂಳೆ ಮುರಿದುಕೊಳ್ಳುವ ಸಂಭವವಿದೆ. ಹೃದ್ರೋಗಿಗಳು ಪ್ರತಿದಿನ ಬೆಳಿಗ್ಗೆ ಮೂತ್ರವಿಸರ್ಜನೆಯ ನಂತರ, ಉಪಾಹಾರಕ್ಕೆ ಮೊದಲು, ತೂಕ ನೋಡಿ ಬರೆದಿಡಬೇಕು. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಏರಿದರೆ ವೈದ್ಯರಿಗೆ ತಿಳಿಸಬೇಕು. ಔಷಧ ಆರಂಭಿಸಿದ ಕೆಲವು ವಾರಗಳಲ್ಲಿಯೂ, ಪ್ರಮಾಣ ಬದಲಾದಾಗಲೆಲ್ಲವೂ ಸೋಡಿಯಂ, ಪೊಟಾಸಿಯಂ, ಕ್ರಿಯಾಟಿನಿನ್‌ಗಳ ರಕ್ತಪರೀಕ್ಷೆ ಆಗಬೇಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳನ್ನು ಬಿಡದೆ ಗುಳಿಗೆ ನುಂಗುವುದೆಂದರೆ ಒಂದು ಕಡೆ ನೀರು ತುಂಬುತ್ತ ಇನ್ನೊಂದು ಕಡೆ ಮೊಗೆದಂತೆ.

ಕೂತು ಎದ್ದಾಗ ತಲೆ ಸುತ್ತಿದರೆ, ಬಾಯಿ ಒಣಗಿ ಮೂತ್ರ ತಗ್ಗಿದರೆ, ಎದೆಬಡಿತ ಹೆಚ್ಚು ಕಡಿಮೆಯಾದರೆ, ಮನಸ್ಸು ಮಂಕಾದರೆ ತಡಮಾಡಲಾಗದು. ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲ ಔಷಧಗಳನ್ನೂ, ನೋವಿನ ಗುಳಿಗೆ ಕಷಾಯದ ಪುಡಿಗಳನ್ನೂ ಬಿಡದೆ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಅವರ ಮೇಜಿನ ಮೇಲೆ ಇಡುವುದು ಉತ್ತಮ.