ಪತ್ರ ಬರೆದ ಹುಡುಗನ ಕಾಲಿಗೇ ಬಂತು ಚೆಂಡು

2022ರ ನವೆಂಬರ್, ಫುಟ್‌ಬಾಲ್ ವಿಶ್ವಕಪ್. ಕತಾರಿನ ಲುಸೈಲ್ ಮೈದಾನ. ನಮ್ಮಲ್ಲಿ ರಾತ್ರಿ ಎರಡು ಗಂಟೆ ದಾಟಿತ್ತು. ಸೌದಿ ಅರೇಬಿಯಾ ಕೈಲಿ ಸೋತು ಕಂಗಾಲಾಗಿದ್ದ ಅರ್ಜೆಂಟೀನಾ, ಮೆಕ್ಸಿಕೊ ಎದುರು ಒಂದು ಗೋಲಿನ ಮುನ್ನಡೆಯನ್ನು ಕಾಪಾಡಿಕೊಳ್ಳುತ್ತಿತ್ತು. 87ನೇ ನಿಮಿಷ. ಕಾರ್ನರ್ ಕಿಕ್ಕನ್ನು ಒಳಗೆ ಎತ್ತಿ ಹೊಡೆಯದೆ ಗಿಡ್ಡವಾಗಿ ಆಡಿದರು. ಮೆಸ್ಸಿ ಚೆಂಡನ್ನು ಎಡಗಡೆ ನಿಂತಿದ್ದ 21ರ ಮಿಡ್‌ಫೀಲ್ಡರ್ ಎಂಜೊ ಫರ್ನಾಂಡೆಜ್‌ಗೆ ತಳ್ಳಿದ. ಆತ ಚೆಂಡಿನ ಮೇಲೆ ಕಾಲಾಡಿಸಿ ಎದುರಾಳಿಯ ಕಣ್ಣು ತಪ್ಪಿಸಿದ, ಬಲಗಾಲಿನಿಂದ ಬಾಗಿಸಿ ಹೊಡೆದ. ಚೆಂಡು ಗಾಳಿಯಲ್ಲಿ ಕುಡುಗೋಲಿನಂತೆ ಬಳುಕಿ, ಗೋಲ್‌ಕೀಪರ್ ಒಚೋವಾನ ಚಾಚಿದ ಕೈಗೆ ಸಿಗದೆ, ಆಚೆ ಮೂಲೆಯ ಬಲೆಗೆ ಬಿತ್ತು!

ಇಷ್ಟು ನಾನು ಕಣ್ಣಾರೆ ಕಂಡದ್ದು. ಮೈ ಜುಮ್ಮೆಂದದ್ದು ಆಮೇಲೆ, ಹಿಂದಿನ ಕಥೆ ಗೊತ್ತಾದಾಗ.

2016ರ ಜೂನ್‌ನಲ್ಲಿ ಕೋಪಾ ಅಮೆರಿಕ ಫೈನಲ್‌ನಲ್ಲಿ ಚಿಲಿ ಎದುರು ಮೆಸ್ಸಿ ಪೆನಾಲ್ಟಿ ಹಾಳು ಮಾಡಿಕೊಂಡು, ಇನ್ನು ದೇಶಕ್ಕೆ ಆಡಲಾರೆ ಅಂದುಬಿಟ್ಟಿದ್ದ. ಆಗ ಹದಿನೈದರ ಹುಡುಗನೊಬ್ಬ ಫೇಸ್‌ಬುಕ್‌ನಲ್ಲಿ ಅವನಿಗೊಂದು ಪತ್ರ ಬರೆದ. ನಿನ್ನ ಹೆಗಲ ಭಾರದ ನೂರರಲ್ಲೊಂದು ಪಾಲನ್ನೂ ಹೊತ್ತು ಗೊತ್ತಿಲ್ಲದ ನಾವು ನಿನಗೇನು ಹೇಳಿಯೇವು. ಆದರೂ ಹೋಗಬೇಡ, ಉಳಿ, ಖುಷಿಗಾಗಿ ಆಡು ಎಂಬ ಧಾಟಿಯ ಮೊರೆ ಅದು. ಬರೆದವನು ಇದೇ ಎಂಜೊ! ಆರೇ ವರ್ಷ. ಪತ್ರ ಬರೆದವನ ಕಾಲಿಗೆ, ಪತ್ರ ಯಾರಿಗೆ ಬರೆದನೋ ಅವನಿಂದಲೇ ಚೆಂಡು!

ಹೆಸರಿನಲ್ಲೇ ಫುಟ್‌ಬಾಲ್ ಇಟ್ಟುಕೊಂಡು ಹುಟ್ಟಿದ ಮಗು ಇದು. ಬ್ಯೂನಸ್ ಐರಿಸ್ ಪಕ್ಕದ ಸಾನ್ ಮಾರ್ಟಿನ್‌ನಲ್ಲಿ ರಿವರ್ ಪ್ಲೇಟ್ ಕ್ಲಬ್‌ನ ಭಕ್ತನಾದ ಅಪ್ಪ, ಆ ಕ್ಲಬ್‌ನ ಆರಾಧ್ಯದೈವ ಎಂಜೊ ಫ್ರಾನ್ಸೆಸ್ಕೊಲಿಯ ಹೆಸರನ್ನೇ ಮಗನಿಗಿಟ್ಟ. (ಜಿದಾನ್ ಕೂಡ ತನ್ನ ಮೊದಲ ಮಗನಿಗೆ ಇಟ್ಟದ್ದು ಅದೇ ಆಟಗಾರನ ಹೆಸರು!) ಹುಡುಗ ಎಳವೆಯಲ್ಲೇ ರಿವರ್ ಸೇರಿದ. ಎರವಲಾಗಿ ಡಿಫೆನ್ಸಾ ಇ ಹುಸ್ತಿಸಿಯಾ ಎಂಬ ಪುಟ್ಟ ಕ್ಲಬ್‌ಗೆ ಹೋಗಿ, ಅವರ ಜೊತೆ ಕೋಪಾ ಸುಡಮೆರಿಕಾನಾ ಗೆದ್ದು ಬಂದ. 2022ರ ಯುರೋಪಿನ ಬೇಸಿಗೆಯಲ್ಲಿ ಸುಮಾರು ಒಂದು ಕೋಟಿ ಯೂರೊ ಮೂಲಬೆಲೆಗೆ ಬೆನ್‌ಫಿಕಾ ಕ್ಲಬ್‌ಗೆ ಹೋದವನು, ವಿಶ್ವಕಪ್ ಗೆದ್ದು, ಟೂರ್ನಿಯ ಶ್ರೇಷ್ಠ ಯುವ ಆಟಗಾರನಾಗಿ, 2023ರ ಜನವರಿ ಕೊನೆಯ ದಿನ ಚೆಲ್ಸಿ ಕ್ಲಬ್‌ಗೆ 10.68 ಕೋಟಿ ಪೌಂಡ್‌ಗೆ ಮಾರಾಟವಾದ. ಬ್ರಿಟನ್ನಿನಲ್ಲಿ ಅದುವರೆಗೆ ಯಾವ ಆಟಗಾರನಿಗೂ ಅಷ್ಟು ಸುರಿದಿರಲಿಲ್ಲ.

ನನ್ನನ್ನು ನೋಯಿಸಿದ್ದೂ ಇದೆ. 2024ರಲ್ಲಿ ಕೋಪಾ ಅಮೆರಿಕ ಗೆದ್ದ ಅಮಲಿನಲ್ಲಿ, ಫ್ರಾನ್ಸ್ ಆಟಗಾರರನ್ನು ಜನಾಂಗದ ಹೆಸರಲ್ಲಿ ಹೀಯಾಳಿಸುವ ಹಾಡನ್ನು ಬಸ್ಸಿನಿಂದ ತಾನೇ ಲೈವ್ ಬಿತ್ತರಿಸಿದ. ಕ್ಷಮೆ ಕೇಳಿದ, ನಿಜ. ಆದರೂ ಅಷ್ಟು ಮೃದುವಾದ ಪತ್ರ ಬರೆದ ಹುಡುಗನಿಂದ ಅದು ಬರಬಾರದಿತ್ತು.

ಇನ್ನೂ ಒಂದು ಸೋಜಿಗ ಈಚೆಗೆ ಕೈಗೆ ಹತ್ತಿತು. 2025ರ ಜುಲೈ 13ರಂದು ಚೆಲ್ಸಿ, ಪ್ಯಾರಿಸ್ ಸಾನ್ ಜೆರ್ಮೇನ್ ತಂಡವನ್ನು 3-0ಯಿಂದ ಮಣಿಸಿ ಕ್ಲಬ್ ವಿಶ್ವಕಪ್ ಎತ್ತಿತಲ್ಲ, ಎಂಜೊ ಅಂದು ಆಡಿದ ಮೈದಾನ ನ್ಯೂಜೆರ್ಸಿಯ ಮೆಟ್‌ಲೈಫ್. ಅದಕ್ಕೂ ಒಂಬತ್ತು ವರ್ಷ ಹಿಂದೆ ಮೆಸ್ಸಿಯ ಪೆನಾಲ್ಟಿ ಗುರಿ ತಪ್ಪಿ ಮೇಲೆ ಹಾರಿಹೋದದ್ದು ಇದೇ ಹುಲ್ಲಿನಂಗಳದಿಂದ!