ಒಂದೇ ಬಾವಿಯ ನೀರು, 341 ಮಂದಿಗೆ ಜ್ವರ

ರೋಗಾಣು ಹೊಟ್ಟೆ ಸೇರಿದರೆ ಕಾಯಿಲೆ ಬಂದೇ ಬರುತ್ತದೆ, ಗಟ್ಟಿಮುಟ್ಟಾಗಿರುವವರಿಂದ ಯಾರಿಗೂ ಕಾಯಿಲೆ ಅಂಟುವುದಿಲ್ಲ: ಈ ಎರಡೂ ನಂಬಿಕೆಗಳನ್ನು ಅಲುಗಾಡಿಸುವ ಘಟನೆಯೊಂದು 1937ರಲ್ಲಿ ಲಂಡನ್ನಿನ ದಕ್ಷಿಣದ ಕ್ರೋಯ್ಡನ್‌ನಲ್ಲಿ ನಡೆಯಿತು. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಊರಿನ 341 ಮಂದಿ ಟೈಫಾಯಿಡ್‌ನಿಂದ, ನಮ್ಮ ಹಿರಿಯರು ವಿಷಮಶೀತ ಜ್ವರ ಎನ್ನುತ್ತಿದ್ದ ಕಾಯಿಲೆಯಿಂದ, ಹಾಸಿಗೆ ಹಿಡಿದರು. 43 ಮಂದಿ ತೀರಿಕೊಂಡರು. ಮೊದಲಿಗೆ ಮೂಲ ಯಾವುದೆಂದೇ ತಿಳಿಯಲಿಲ್ಲ. ರೋಗಿಗಳ ಮನೆಗಳನ್ನು ನಕ್ಷೆಯ ಮೇಲೆ ಗುರುತಿಸಿದಾಗ ಬೆರಳು ಆಡಿಂಗ್ಟನ್ ಬಾವಿಯತ್ತ ತೋರಿತು. ಊರಿನ ಸುಮಾರು ಐದನೇ ಒಂದು ಭಾಗಕ್ಕೆ ಅಲ್ಲಿಂದಲೇ ನೀರು. ಬಾವಿಯ ರಿಪೇರಿ ನಡೆದಿತ್ತು, ಕೆಲಸಗಾರರು ಒಳಗಿಳಿಯುತ್ತಿದ್ದರು. ಅವರಲ್ಲೊಬ್ಬನಿಗೆ ಮೊದಲ ಮಹಾಯುದ್ಧದ ಕಾಲದಲ್ಲಿ ಟೈಫಾಯಿಡ್ ಬಂದು ವಾಸಿಯಾಗಿತ್ತು. ಈಗ ಅವನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಅದೇ ಹೊತ್ತಿಗೆ ನೀರಿಗೆ ಕ್ಲೋರಿನ್ ಬೆರೆಸುವುದು ನಿಂತಿತ್ತು, ಪಂಪು ಮಾತ್ರ ನಿಂತಿರಲಿಲ್ಲ.

ಜ್ವರ ಬಿಟ್ಟು ಇಪ್ಪತ್ತು ವರ್ಷವಾದ ಮೇಲೂ ರೋಗಾಣು ಎಲ್ಲಿತ್ತು? ಸಾಲ್ಮೊನೆಲ್ಲ ಟೈಫಿ ಎಂಬ ಈ ಬ್ಯಾಕ್ಟೀರಿಯ ಬಾಯಿಯ ಮೂಲಕ ಬಂದು ಮೊದಲು ಜಠರದ ಆಮ್ಲವನ್ನು ಎದುರಿಸಬೇಕು. ಬಹುಪಾಲು ಅಲ್ಲೇ ಸಾಯುತ್ತವೆ. ದಾಟಿಕೊಂಡವು ಸಣ್ಣಕರುಳಿನ ಒಳಗೋಡೆಯನ್ನು ತೂರುತ್ತವೆ. ಅಲ್ಲಿ ಕಾದಿರುವ ಬಿಳಿ ರಕ್ತಕಣಗಳು ಅವನ್ನು ನುಂಗುತ್ತವೆ. ಬೇರೆ ಎಷ್ಟೋ ರೋಗಾಣುಗಳ ಕತೆ ಅಲ್ಲಿಗೆ ಮುಗಿಯುತ್ತದೆ, ಇದರದು ಅಲ್ಲಿಂದ ಶುರು. ನುಂಗಿದ ಕಣದ ಒಳಗೇ ಬದುಕಿ, ಅದನ್ನೇ ವಾಹನ ಮಾಡಿಕೊಂಡು ಯಕೃತ್ತು, ಗುಲ್ಮ, ಮೂಳೆಮಜ್ಜೆಗಳನ್ನು ಸೇರುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ವಾರ ಅಲ್ಲಿ ಸದ್ದಿಲ್ಲದೆ ಬೆಳೆದು, ಮತ್ತೆ ರಕ್ತಕ್ಕೆ ನುಗ್ಗಿದಾಗ ಜ್ವರ ಏರುತ್ತದೆ. ಯಕೃತ್ತಿನಿಂದ ಪಿತ್ತಕೋಶಕ್ಕೆ, ಅಲ್ಲಿಂದ ಪಿತ್ತರಸದೊಡನೆ ಮತ್ತೆ ಕರುಳಿಗೆ ಬಂದು ಹುಣ್ಣೆಬ್ಬಿಸುತ್ತದೆ. ಕರುಳು ತೂತುಬಿದ್ದರೆ ಪ್ರಾಣಕ್ಕೇ ಅಪಾಯ. ಗುಣವಾದವರಲ್ಲಿ ಕೆಲವರ ಪಿತ್ತಕೋಶದಲ್ಲಿ, ಅದರಲ್ಲೂ ಕಲ್ಲುಗಳಿದ್ದರೆ, ಅದು ವರ್ಷಗಟ್ಟಲೆ ಉಳಿದು ಮಲದಲ್ಲಿ ಹೊರಬೀಳುತ್ತಿರುತ್ತದೆ. ಅವರಿಗೆ ಜ್ವರವಿಲ್ಲ, ನೋವಿಲ್ಲ, ಗುಮಾನಿಯೂ ಇಲ್ಲ.

ಹಾಗಾದರೆ ಅದೇ ನೀರು ಕುಡಿದ ಸಾವಿರಾರು ಮಂದಿಗೆ ಏನೂ ಆಗಲಿಲ್ಲವಲ್ಲ, ಮಲಗಿದವರ ಮೈಯಲ್ಲೇ ಶಕ್ತಿಯಿರಲಿಲ್ಲವೇನೋ ಎಂದು ಕೇಳಬಹುದು. ಇದಕ್ಕೆ ಉತ್ತರ ಸಿಕ್ಕಿದ್ದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ವೈದ್ಯರು ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆಸಿ 1970ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ. (ಆ ಸ್ವಯಂಸೇವಕರು ಜೈಲಿನ ಕೈದಿಗಳು, ಇಂದು ಅಂಥದ್ದಕ್ಕೆ ಯಾರೂ ಒಪ್ಪಿಗೆ ಕೊಡಲಾರರು.) ಸಾವಿರ ಬ್ಯಾಕ್ಟೀರಿಯ ನುಂಗಿದವರಲ್ಲಿ ಯಾರಿಗೂ ಕಾಯಿಲೆ ಬರಲಿಲ್ಲ, ಒಂದು ಲಕ್ಷ ನುಂಗಿದವರಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲೊಬ್ಬರಿಗೆ ಬಂತು, ನೂರು ಕೋಟಿ ನುಂಗಿದವರಲ್ಲಿ ಬಹುತೇಕ ಎಲ್ಲರಿಗೂ. ಮೈಯ ಶಕ್ತಿ ಲೆಕ್ಕಕ್ಕಿಲ್ಲವೆಂದಲ್ಲ. ಪ್ರಮಾಣ ಏರಿದಂತೆ ಅದರ ಆಟ ನಡೆಯುವುದಿಲ್ಲ. ಒಳಹೊಕ್ಕ ಸಂಖ್ಯೆ, ಆ ಹೊತ್ತಿನ ಜಠರಾಮ್ಲ, ಹಿಂದಿನ ಸೋಂಕಿನ ನೆನಪು ಇವೆಲ್ಲ ಸೇರಿಯೇ ಸೋಂಕು ಕಾಯಿಲೆಯಾಗುತ್ತದೆ.

ತಪ್ಪನ್ನು ಆ ಕೆಲಸಗಾರನ ತಲೆಗೆ ಕಟ್ಟುವುದು ಸುಲಭ. ಆದರೆ ತಾನು ರೋಗವಾಹಕನೆಂದು ಅವನಿಗೇ ಗೊತ್ತಿರಲಿಲ್ಲ. ಆಳದ ಬಾವಿಯ ನೀರು ಶುದ್ಧವೇ ತಾನೆ ಎಂಬ ಭರವಸೆ ಇದಕ್ಕಿಂತ ಅಪಾಯದ್ದು. ಆಡಿಂಗ್ಟನ್ನಿನದು ಮೆದು ಸುಣ್ಣಕಲ್ಲಿನ ನೆಲದ ಬಾವಿ. ನೆಲ ಎಷ್ಟೇ ಸೋಸಿದರೂ ಬಾವಿಯೊಳಗೇ ಬಿದ್ದ ಕೊಳೆಯನ್ನು ಸೋಸಲಾರದು. ರಿಪೇರಿ, ರೋಗವಾಹಕ, ನಿಂತ ಕ್ಲೋರಿನ್, ಇವು ಕೂಡಿಬಂದದ್ದೇ ಅನಾಹುತಕ್ಕೆ ಕಾರಣವೆಂದು ಸಾರ್ವಜನಿಕ ವಿಚಾರಣೆಯಲ್ಲಿ ಕಂಡುಬಂತು. ರೋಗವಾಹಕನನ್ನು ಹಣೆ ನೋಡಿ ಗುರುತಿಸಲಾಗದು, ಕ್ಲೋರಿನ್ನನ್ನು ಬಿಡದೆ ಬೆರೆಸಬಹುದು. ಹಾಗಾಗಿ ಹೊಣೆ ನೀರು ಕೊಟ್ಟವರದೇ. 1938ರಲ್ಲಿ ನ್ಯಾಯಾಲಯವೂ ಕ್ರೋಯ್ಡನ್ ಕಾರ್ಪೊರೇಷನ್ನನ್ನೇ ಹೊಣೆ ಮಾಡಿತು.

ಬ್ರಿಟನ್ನಿನಲ್ಲಿ ಇಂದು ಕಾಣುವ ಟೈಫಾಯಿಡ್ ಬಹುಪಾಲು ಹೊರನಾಡಿನ ಪ್ರಯಾಣದಿಂದ ಬಂದದ್ದು, ಅದರಲ್ಲೂ ಭಾರತ ಮತ್ತು ಪಾಕಿಸ್ತಾನದಲ್ಲಿರುವ ನೆಂಟರಿಷ್ಟರನ್ನು ನೋಡಿ ಬಂದವರಲ್ಲಿ. ಬೇಸಿಗೆ ರಜೆಗೆ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗುವ ಅಲ್ಲಿನ ಕನ್ನಡ ಕುಟುಂಬಗಳಿಗೂ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಟೈಫಾಯಿಡ್ ಲಸಿಕೆ ಸಾಮಾನ್ಯವಾಗಿ ಉಚಿತವಾಗಿಯೇ ಸಿಗುತ್ತದೆ, ಆದರೆ ಅದು ಪೂರ್ಣ ರಕ್ಷಣೆಯಲ್ಲ. ಊರಿಂದ ಮರಳಿ ಎರಡು ಮೂರು ವಾರವಾದ ಮೇಲೆ ಜ್ವರ ಬಂದರೂ ಪ್ರಯಾಣದ ವಿಷಯವನ್ನು ವೈದ್ಯರಿಗೆ ಹೇಳಬೇಕು. ಆಂಟಿಬಯಾಟಿಕ್ ಶುರುಮಾಡುವ ಮುಂಚೆ ರಕ್ತ ತೆಗೆದು ಕಲ್ಚರ್‌ಗೆ ಕಳಿಸಿದರೆ ಬ್ಯಾಕ್ಟೀರಿಯ ಸಿಗುವ ಸಾಧ್ಯತೆ ಹೆಚ್ಚು. ಅದು ಯಾವ ಔಷಧಿಗೆ ಬಗ್ಗುವುದಿಲ್ಲ ಎಂಬುದೂ ಆಗಲೇ ತಿಳಿಯುತ್ತದೆ.