ಪ್ಲಾಸ್ಮಾ ಜಾಗ ತೋರಿಸಲಿ, ತೂತು ಡ್ರಿಲ್ ಕೊರೆಯಲಿ

ಇವತ್ತಿನ ಎಪಿಸೋಡು ಒಂದು ತೂತಿನ ಬಗ್ಗೆ. ನಗಬೇಡಿ, ಆ ತೂತಿಂದ ನಮ್ಮ ಭಾವನ ಶೆಡ್ಡಿಗೆ ಒಂದಿಡೀ ಲಾಟ್ ವಾಪಸ್ ಬಂದಿತ್ತು.

ಭಾವಂದು ಪೀಣ್ಯದಲ್ಲಿ ಚಿಕ್ಕ ಫ್ಯಾಬ್ರಿಕೇಶನ್ ಶೆಡ್ಡು. ನಾನು ಬಿಕಾಂ ಓದಿದವನು, ತಿಂಗಳಿಗೊಮ್ಮೆ ಹೋಗಿ ಜಿಎಸ್‌ಟಿ ಲೆಕ್ಕ ನೋಡ್ತೀನಿ, ಅಷ್ಟೇ ಸಂಬಂಧ. ಆರ್ಡರ್ ಇದ್ದಿದ್ದು 40 ಬೇಸ್ ಪ್ಲೇಟ್. 10 ಎಂಎಂ ದಪ್ಪದ ಎಂಎಸ್ ಪ್ಲೇಟ್, ಒಂದೊಂದರಲ್ಲೂ ಎಂ12 ಬೋಲ್ಟ್ ಕೂರೋಕೆ ನಾಲ್ಕು ತೂತು. ಹೊರಗಡೆ ಜಾಬ್ ವರ್ಕ್ ಕೊಟ್ಟು ಪ್ಲೇಟಿನ ಆಕಾರ, ತೂತು ಎರಡನ್ನೂ ಪ್ಲಾಸ್ಮಾದಲ್ಲೇ ಕಟ್ ಮಾಡಿಸಿದ್ರು. ಸೈಟಲ್ಲಿ ಬೋಲ್ಟ್ ಮೇಲಿಂದ ಇಳೀತು, ಕೆಳಗೆ ಸಿಕ್ಕಾಕೊಂಡ್ತು. ವಾಪಸ್ ಬಂದ ಪ್ಲೇಟುಗಳಿಗೆ ಡ್ರಿಲ್ ಹಾಕಿ ತೂತು ದೊಡ್ಡದು ಮಾಡೋಕೆ ಹೋದ್ರೆ ಬಿಟ್ಟುಗಳೇ ಮೊಂಡಾದವು. "ಕಬ್ಬಿಣ ಅಲ್ಲ ಕಣೋ, ಕಲ್ಲು ಕೊರೆದ ಹಾಗೆ ಆಗ್ತಿದೆ" ಅಂದ್ರು ಭಾವ.

ಯಾಕೆ ಹೀಗಾಗುತ್ತೆ? ಕಾರಣ ಎರಡು.

ಮೊದಲನೇದು ಆಕಾರ. ಚಿಕ್ಕ ನಾಜಲ್‌ನಿಂದ ರಭಸವಾಗಿ ಬರೋ ಗಾಳಿಯಲ್ಲಿ ವಿದ್ಯುತ್ ಆರ್ಕ್ ಹಾಯಿಸಿದ್ರೆ ಅದೇ ಪ್ಲಾಸ್ಮಾ. ಅದರ ಉಷ್ಣಾಂಶ 20,000 ಡಿಗ್ರಿ ಸೆಲ್ಸಿಯಸ್ ಆಸುಪಾಸು ಹೋಗುತ್ತೆ. ಉಕ್ಕು ಕರಗೋಕೆ ಸುಮಾರು 1,500 ಸಾಕು. ಆದ್ರೆ ಟಾರ್ಚ್ ಮುಂದೆ ಹೋದಂತೆ ಜ್ವಾಲೆಯ ಬಾಲ ಹಿಂದೆ ಉಳಿಯುತ್ತೆ. ನೇರ ಗೆರೆಯಲ್ಲಿ ಇದು ಅಷ್ಟು ಕಾಣಲ್ಲ. ಚಿಕ್ಕ ವೃತ್ತದಲ್ಲಿ ಮಾತ್ರ ಮೇಲೆ ಅಗಲ, ಕೆಳಗೆ ಕಿರಿದು ಆಗಿಬಿಡುತ್ತೆ. ವೃತ್ತ ಶುರುವಾಗಿ ಮುಗಿಯೋ ಜಾಗದಲ್ಲಿ ಒಂದು ಕಚ್ಚು ಬೇರೆ ಉಳಿಯುತ್ತೆ. ಸಾಮಾನ್ಯ ಏರ್ ಪ್ಲಾಸ್ಮಾದಲ್ಲಿ, ತೂತಿನ ವ್ಯಾಸ ಪ್ಲೇಟ್ ದಪ್ಪದ ಒಂದೂವರೆ ಎರಡು ಪಟ್ಟಿಗಿಂತ ಕಮ್ಮಿ ಇದ್ರೆ ನಂಬಬೇಡಿ.

ಎರಡನೇದು ಗಡಸುತನ. ಗಾಳಿಯಲ್ಲಿ 78 ಪರ್ಸೆಂಟ್ ಸಾರಜನಕ ಇದೆ. ಕರಗಿದ ಅಂಚಿನೊಳಗೆ ಅದು ಸೇರ್ಕೊಳ್ಳುತ್ತೆ. ಮೇಲಾಗಿ ಸುತ್ತಲಿನ ತಣ್ಣಗಿನ ಪ್ಲೇಟು ಆ ಬಿಸಿಯನ್ನ ಬೇಗ ಎಳ್ಕೊಳ್ಳುತ್ತೆ, ಕಮ್ಮಾರ ಕೆಂಪಗೆ ಕಾದ ಕಬ್ಬಿಣ ನೀರಿಗೆ ಅದ್ದಿದ ಹಾಗೆ. ಅಂಚಿನಲ್ಲಿ ತೆಳ್ಳಗೆ ಒಂದು ಗಟ್ಟಿ ಪದರ ಆಗುತ್ತೆ. ಸಾದಾ ಎಚ್‌ಎಸ್‌ಎಸ್ ಬಿಟ್ಟು ಅದರ ಮೇಲೆ ಉಜ್ಜಿ ಉಜ್ಜಿ ಸಾಯುತ್ತೆ.

ಅದಕ್ಕೇ, "ಪ್ಲಾಸ್ಮಾದಲ್ಲಿ ಚಿಕ್ಕ ತೂತು ಹೊಡೆದು ಆಮೇಲೆ ಡ್ರಿಲ್ಲಲ್ಲಿ ದೊಡ್ಡದು ಮಾಡ್ಕೊಳ್ಳೋಣ" ಅನ್ನೋ ಐಡಿಯಾ ಕೈ ಕೊಡುತ್ತೆ. ಮಧ್ಯದಲ್ಲಿ ಬಿಟ್ಟಿಗೆ ಹಿಡಿತ ಇಲ್ಲ, ಸೊಟ್ಟ ತೂತಿನ ಹಿಂದೆಯೇ ಅದೂ ಸೊಟ್ಟ ಹೋಗುತ್ತೆ.

ಹಾಗಾದ್ರೆ ಏನು ಮಾಡ್ಬೇಕು? ತೂತು ಬೇಡ, ಗುರುತು ಕೇಳಿ. ಬಹಳಷ್ಟು ಸಿಎನ್‌ಸಿ ಪ್ಲಾಸ್ಮಾ ಮೆಷಿನ್‌ಗಳಲ್ಲಿ ಕಮ್ಮಿ ಕರೆಂಟಲ್ಲಿ ತೆಳ್ಳಗೆ ಗೆರೆ ಎಳೆಯಬಹುದು. ತೂತಿನ ಜಾಗದಲ್ಲಿ ಒಂದು ಪ್ಲಸ್ ಗುರುತು ಹಾಕಿಸಿ. ಅದೂ ಆಕಾರ ಕಟ್ ಮಾಡೋ ಮೊದಲೇ, ಅದೇ ಪ್ರೋಗ್ರಾಮಲ್ಲಿ. ಕಟಿಂಗ್ ಬಿಸಿಗೆ ಪ್ಲೇಟು ಕದಲೋಕೆ ಮುಂಚೆ ನಾಲ್ಕೂ ಕೇಂದ್ರ ಸರಿಯಾಗಿ ಬಿದ್ದಿರುತ್ತೆ. ಅಂಚಿಂದ ಟೇಪ್ ಹಿಡಿದು ಅಳೀಬೇಡಿ. ಆ ಅಂಚೇ ಓರೆ, ಮೇಲೆ ಒಂದು ಅಳತೆ, ಕೆಳಗೆ ಇನ್ನೊಂದು.

ಶೆಡ್ಡಿಗೆ ಬಂದಮೇಲೆ ಕೆಳಗೆ ಅಂಟಿರೋ ಕಿಟ್ಟವನ್ನ ಗ್ರೈಂಡ್ ಮಾಡಿ. ಇಲ್ಲಾಂದ್ರೆ ಪ್ಲೇಟು ಮೇಜಿನ ಮೇಲೆ ಸಮ ಕೂರಲ್ಲ, ತೂತು ಓರೆಯಾಗುತ್ತೆ. ಗುರುತಿನ ಮೇಲೆ ಸೆಂಟರ್ ಪಂಚ್ ಹೊಡೀರಿ. ಆಮೇಲೆ ಸೆಂಟರ್ ಡ್ರಿಲ್, 6 ಎಂಎಂ ಬಿಟ್ಟು, ಕೊನೆಗೆ 13.5. ಎಂ12 ಬೋಲ್ಟಿಗೆ ಸಾಮಾನ್ಯವಾಗಿ ಬಿಡೋ ತೂತು ಅದೇ.

ಸ್ಪೀಡು ಕೂಡ ಲೆಕ್ಕಾನೇ. ಎಂಎಸ್‌ಗೆ ಎಚ್‌ಎಸ್‌ಎಸ್ ಬಿಟ್ಟಾದ್ರೆ ನಿಮಿಷಕ್ಕೆ 25 ಮೀಟರ್ ಕಟಿಂಗ್ ಸ್ಪೀಡ್ ಅಂತ ಇಟ್ಕೊಳ್ಳಿ. 13.5ಕ್ಕೆ ಸುಮಾರು 600 ಆರ್‌ಪಿಎಂ, 6ಕ್ಕೆ ಸುಮಾರು 1,300. ಕಟಿಂಗ್ ಆಯಿಲ್ ಹಾಕ್ತಾ ಇರಿ. ಪ್ಲೇಟನ್ನ ಕ್ಲಾಂಪ್ ಮಾಡಲೇಬೇಕು. ಬಿಟ್ಟು ಕೆಳಗೆ ಹೊರಬರೋ ಹೊತ್ತಿಗೆ ಪ್ಲೇಟನ್ನ ಹಿಡ್ಕೊಂಡು ಗಿರ್ರನೆ ತಿರುಗಿಸುತ್ತೆ, ಬೆರಳು ಹೋಗುತ್ತೆ. ಕೈಗೆ ಗ್ಲೌಸ್ ಹಾಕಬೇಡಿ, ಅದೂ ಸುತ್ತಿಕೊಳ್ಳುತ್ತೆ.

40 ಪ್ಲೇಟು ಒಂದೇ ಥರ ಇದ್ರೆ ಗಟ್ಟಿ ಬುಷ್ ಹಾಕಿದ ಒಂದು ಡ್ರಿಲ್ ಜಿಗ್ ಮಾಡಿಸಿ. ಆಗ ಗುರುತೂ ಬೇಡ. ಈಗಾಗಲೇ ಪ್ಲಾಸ್ಮಾ ತೂತು ಬಿದ್ದಿದ್ರೆ? ಒಳಗಿನ ಗಟ್ಟಿ ಪದರವನ್ನ ಡೈ ಗ್ರೈಂಡರ್‌ನಲ್ಲಿ ತೆಗೀರಿ, ಅಥವಾ ಮಿಲ್ಲಿಂಗ್ ಮೆಷಿನ್‌ನಲ್ಲಿ ಕಾರ್ಬೈಡ್ ಎಂಡ್ ಮಿಲ್ ಹಾಕಿಸಿ. ಭಾವ ಕೊನೆಗೆ ಎಂಡ್ ಮಿಲ್ ದಾರಿ ಹಿಡಿದ್ರು, 160 ತೂತಿಗೂ.

ಈಗ ನನ್ನ ಸಬ್ಜೆಕ್ಟು. ತೂತೂ ಪ್ಲಾಸ್ಮಾದಲ್ಲೇ ಮಾಡಿಸಿದ್ರೆ ಡ್ರಿಲ್ಲಿಂಗ್ ಕೂಲಿ ಉಳಿಯುತ್ತೆ ಅಂತ ಕೊಟೇಶನ್‌ನಲ್ಲಿ ಕಾಣ್ತಿತ್ತು. ಆದ್ರೆ ಮೊಂಡಾದ ಬಿಟ್ಟು, ಎರಡು ಸಲದ ಟೆಂಪೋ ಬಾಡಿಗೆ, ಮಿಲ್ಲಿಂಗ್ ಚಾರ್ಜು, ತಡವಾದ ಪೇಮೆಂಟು, ಇದ್ಯಾವುದೂ ಕೊಟೇಶನ್‌ನಲ್ಲಿ ಇರಲಿಲ್ಲ. ಎಲ್ಲಾ ಬಂದಿದ್ದು ನನ್ನ ಲೆಡ್ಜರಿಗೆ. ಆ ತಿಂಗಳು ಹುಡುಗರಿಗೆ ಸಂಬಳ ಕೊಡೋಕೆ ಭಾವ ಸಾಲ ತಗೊಂಡ್ರು.

ಈಗ ಭಾವ ಕೊಡೋ ಪ್ರತಿ ಡ್ರಾಯಿಂಗ್ ಮೇಲೂ ಒಂದು ಸಾಲು ಇರುತ್ತೆ: ತೂತಿಗೆ ಗುರುತು ಮಾತ್ರ. ನಿಮ್ಮ ಕಡೆ ಇಂಥ ಕೆಲಸ ಮಾಡೋರಿದ್ರೆ ಈ ಎಪಿಸೋಡ್ ಅವರಿಗೂ ಕಳಿಸಿ. ಮುಂದಿನ ವಾರ ಸಿಗೋಣ.